ಹಳ್ಳ ತುಂಬಿದ ನಾಲ್ಕು ಮಧ್ಯಾಹ್ನ

ವಿಚಿತ್ರ ಅನುಭವಗಳೆಂದು ಜನ ಬರೆಯುವುದನ್ನು ಓದುವಾಗ ನಾನು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಾರೆಂದಲ್ಲ. ಅವರು ಸರಿಯಾಗಿ ಎಣಿಸಿರುವುದಿಲ್ಲ, ಆ ದಿನವೇ ಬರೆದಿಟ್ಟಿರುವುದಿಲ್ಲ, ಆಮೇಲೆ ನೆನಪಿನಲ್ಲಿ ಬೆಳೆಸುತ್ತಾರೆ ಎಂದು ನನ್ನ ಅಭಿಪ್ರಾಯವಾಗಿತ್ತು. ನಾನು ಹದಿನೈದನೆಯ ವಯಸ್ಸಿನಿಂದ ಡೈರಿ ಇಟ್ಟವನು. ಎದ್ದ ಹೊತ್ತು, ನಡೆದ ಮೈಲಿ, ಬರೆದ ಕಾಗದ, ಬಂದ ಕಾಗದ, ಎಲ್ಲವೂ ಅದರಲ್ಲಿ ಇರುತ್ತಿದ್ದವು. ಲೆಕ್ಕ ಇಟ್ಟವನಿಗೆ ದೆವ್ವ ಕಾಣುವುದಿಲ್ಲ ಎಂದು ಗೆಳೆಯರ ಮುಂದೆ ಜಂಬದಿಂದ ಹೇಳುತ್ತಿದ್ದೆ. ಈಗ ನಾನು ಬರೆಯಹೊರಟಿರುವುದು ದೆವ್ವದ ವಿಷಯವಲ್ಲ. ಆದರೆ ಲೆಕ್ಕದ ವಿಷಯ ಹೌದು. ಅದು ನನ್ನದೇ ಕೈಬರಹದಲ್ಲಿ, ನನ್ನದೇ ಪೆಟ್ಟಿಗೆಯಲ್ಲಿ ಇದೆ. ಆರೇಳು ವರ್ಷವಾದರೂ ಅದನ್ನು ಹೊಂದಿಸಲು ನನ್ನಿಂದ ಆಗಿಲ್ಲ.

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಬೇಲೂರಿನ ಕಡೆ, ಹಗರೆಯಲ್ಲಿ ಬಸ್ಸಿಳಿದು ಎರಡೂವರೆ ಮೈಲಿ ಒಳಗೆ ನಡೆದರೆ ಸಿಗುವ ಒಂದು ಹಳ್ಳಿ. ಊರಿನ ಹೆಸರು ಬೇಡ. ಏಕೋಪಾಧ್ಯಾಯ ಶಾಲೆ, ನಾಲ್ಕು ತರಗತಿ, ಒಂದೇ ಕೋಣೆ, ಇಪ್ಪತ್ನಾಲ್ಕು ಮಕ್ಕಳು. ಶಾಲೆಯ ಹಿಂದೆ ಹಂಚು ಹೊದಿಸಿದ ಒಂದು ಗೂಡು. ಅದೇ ನನ್ನ ಮನೆ.

ಆ ಮಕ್ಕಳ ಜೊತೆ ಕಳೆದ ಮೊದಲ ತಿಂಗಳುಗಳು ಡೈರಿಯಲ್ಲಿ ತುಂಬಾ ವಿವರವಾಗಿವೆ. ನಾನು ಬಾಯಿ ತೆರೆದರೆ ಅವರು ನಗುತ್ತಿದ್ದರು. 'ಇದೆ' ಎಂದು ನಾನು ಹೇಳಿದ್ದೇ ತಡ ಹಿಂದಿನ ಸಾಲಿನಿಂದ ಯಾರಾದರೂ ಮೂಗಿನಲ್ಲಿ 'ಇದೇರೀ' ಎಂದು ಎಳೆಯುತ್ತಿದ್ದರು. ಅವರ ಮಾತಿನಲ್ಲಿ ನನಗೆ ತಿಳಿಯದ ಶಬ್ದಗಳನ್ನು ಒಂದು ಪುಟದಲ್ಲಿ ಪಟ್ಟಿ ಮಾಡುತ್ತಾ ಹೋದೆ. ದೀಪಾವಳಿಯ ಹೊತ್ತಿಗೆ ನೂರ ಹನ್ನೆರಡಾಗಿದ್ದವು. ಬಳಪವನ್ನು ಅವರು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಸಿಗುವ ಮೆತ್ತನೆಯ ಕಲ್ಲಿನ ಚೂರನ್ನು ಆಯ್ದು, ಬಾವಿಕಟ್ಟೆಗೆ ಉಜ್ಜಿ ಚೂಪು ಮಾಡಿ ತರುತ್ತಿದ್ದರು. ಹಳೇಬೀಡಿನ ಗುಡಿ ಕಟ್ಟಿರುವುದೂ ಇದೇ ಕಲ್ಲಿನಲ್ಲಿ ಎಂದು ನಾನು ಒಂದು ದಿನ ಹೇಳಿದರೆ, 'ಅಂಗಾದ್ರೆ ಅವ್ರಿಗೂ ಸ್ಲೇಟಿರ್ಲಿಲ್ಲ' ಎಂದು ಒಬ್ಬಳು ತಟ್ಟನೆ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಗೆ ಅಂದವಳು ಹೊನ್ನಮ್ಮ. ಮಕ್ಕಳ ಬಾಯಲ್ಲಿ ಹೊನ್ನಿ. ನಾಲ್ಕನೆಯ ತರಗತಿ, ಆದರೆ ವಯಸ್ಸು ಹನ್ನೆರಡಾಗಿತ್ತು. ಆ ಕಡೆ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸುವುದೇ ತಡ. ಊರಿನಿಂದ ಒಂದು ಹಳ್ಳ ದಾಟಿದರೆ ಆಚೆ ಐದು ಮನೆಯ ಕೊಪ್ಪಲು ಇತ್ತು. ಅವಳು ಅಲ್ಲಿಯ ಕಾಳೇಗೌಡನ ಹಿರಿಯ ಮಗಳು. ನಾನು ಬೋರ್ಡಿನ ಮೇಲೆ ಕೂಡಿದ್ದರಲ್ಲಿ ತಪ್ಪಿದ್ದರೆ ಅವಳು ಕೂಗಿ ಹೇಳುತ್ತಿರಲಿಲ್ಲ. ತನ್ನ ಸ್ಲೇಟನ್ನು ನನ್ನ ಕಡೆಗೆ ತಿರುಗಿಸಿ ಸುಮ್ಮನೆ ಹಿಡಿದುಕೊಂಡು ಕೂರುತ್ತಿದ್ದಳು, ನಾನು ನೋಡುವವರೆಗೆ. ಹಾಗೆ ಅವಳು ಹಿಡಿದ ನನ್ನ ತಪ್ಪುಗಳು ಆ ವರ್ಷ ಏಳು. ಅವನ್ನೂ ಬರೆದಿಟ್ಟಿದ್ದೇನೆ.

ಅವಳ ವಿಷಯದಲ್ಲಿ ಮನೆಯಲ್ಲಿ ಒಂದು ಮಾತಾಗಿತ್ತು. ನಾಲ್ಕನೆಯ ತರಗತಿಯ ಪರೀಕ್ಷೆ ಸುತ್ತಲಿನ ಶಾಲೆಗಳಿಗೆಲ್ಲ ಒಟ್ಟಿಗೆ ಹಗರೆಯಲ್ಲಿ ನಡೆಯುತ್ತಿತ್ತು. ಅದರಲ್ಲಿ ಪಾಸಾದರೆ ಬೇಲೂರಿನ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿಗೆ ಹೋಗುವುದು. ಇಲ್ಲದಿದ್ದರೆ ಗಂಡಸಿಯ ಕಡೆಯಿಂದ ಬಂದಿದ್ದ ಸಂಬಂಧಕ್ಕೆ ಒಪ್ಪುವುದು. ಕಾಳೇಗೌಡ ಮಾತಿಗೆ ತಪ್ಪುವ ಮನುಷ್ಯನಲ್ಲ. ಯಾವ ಕಡೆಗೂ ತಪ್ಪುವವನಲ್ಲ. ಇದು ನನಗೂ ಗೊತ್ತಿತ್ತು, ಹೊನ್ನಿಗೂ ಗೊತ್ತಿತ್ತು.

ಇನ್ನು ಹಾಜರಿಯ ವಿಷಯ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿಗೆ ದಿನಕ್ಕೊಂದು ಚೌಕ. ಬೆಳಿಗ್ಗೆ ಬಂದರೆ ಒಂದು ಓರೆಗೀಟು, ಮಧ್ಯಾಹ್ನ ಬಂದರೆ ಅದರ ಮೇಲೆ ಇನ್ನೊಂದು ಅಡ್ಡಗೀಟು. ಎರಡೂ ಸೇರಿದರೆ ಒಂದು ದಿನ, ಒಂದೇ ಇದ್ದರೆ ಅರ್ಧ ದಿನ. ಬೆಳಿಗ್ಗೆ ನಾನು ಹೆಸರು ಕೂಗಿ ಹಾಕುತ್ತಿದ್ದೆ. ಮಧ್ಯಾಹ್ನ ಕೂಗುತ್ತಿರಲಿಲ್ಲ. ಕಾರಣ, ಮಧ್ಯಾಹ್ನದ ಗಂಟೆಯಾದ ಕೂಡಲೇ ಹಾಲು ಹಂಚುವ ಕೆಲಸವಿತ್ತು.

ಆ ವರ್ಷ ನಮ್ಮ ಶಾಲೆಗೂ ಹಾಲಿನ ಪುಡಿಯ ಡಬ್ಬ ಬಂದಿತ್ತು. ಮೂರು ಕಲ್ಲಿನ ಒಲೆಯ ಮೇಲೆ ನೀರು ಕಾಯಿಸಿ, ಪುಡಿ ಕದಡಿ, ಸಾಲಾಗಿ ಬಂದ ಮಕ್ಕಳ ಲೋಟಕ್ಕೆ ತಲಾ ಒಂದು ಸೌಟು ಹಾಕುವುದು ನನ್ನ ಕೆಲಸ. ಮನೆಮನೆಯಲ್ಲೂ ಎಮ್ಮೆಯಿದ್ದ ಊರು ಅದು. ಹಸುವೇ ಇಲ್ಲದೆ ಬಂದ ಹಾಲನ್ನು ಕುಡಿದ ಮಕ್ಕಳಿಗೆ ಹುಲ್ಲು ಮೇಯುವ ಆಸೆ ಬಂದೀತು ಎಂದು ಗಂಡಸರು ಚಾವಡಿಯಲ್ಲಿ ತಮಾಷೆ ಮಾಡುತ್ತಿದ್ದರು. ಮಕ್ಕಳಿಗೂ ಅದರ ವಾಸನೆ ಆಗುತ್ತಿರಲಿಲ್ಲ. ನಾನು ನೋಡದಾಗ ಹೊಂಗೆ ಮರದ ಬುಡಕ್ಕೆ ಚೆಲ್ಲುತ್ತಿದ್ದರು. ಹೊಗೆಗೆ ಕಣ್ಣುರಿ, ಸಾಲಿನಲ್ಲಿ ಬಂದವರ ಮುಖ ನಾನು ನೋಡುತ್ತಿರಲಿಲ್ಲ, ಲೋಟ ನೋಡುತ್ತಿದ್ದೆ. ಆದರೆ ಒಂದೊಂದು ಸೌಟಿಗೆ ಒಂದೊಂದು ಗುರುತನ್ನು ಒಲೆಯ ಪಕ್ಕದಲ್ಲಿಟ್ಟ ಸ್ಲೇಟಿನ ಮೇಲೆ ತಪ್ಪದೆ ಹಾಕುತ್ತಿದ್ದೆ. ಐದಾದ ಮೇಲೆ ಒಂದು ಅಡ್ಡಗೆರೆ. ಸಂಜೆ ಅದನ್ನು ಡೈರಿಗೆ ಇಳಿಸುತ್ತಿದ್ದೆ. ಹಾಲು ಮಿಕ್ಕರೆ ಯಾರೋ ತಪ್ಪಿಸಿಕೊಂಡಿದ್ದಾರೆ ಎಂದರ್ಥ. ವಿಚಾರಿಸಿ ಅವರ ಅಡ್ಡಗೀಟು ಬಿಡುತ್ತಿದ್ದೆ. ಮಿಗದಿದ್ದರೆ ಬೆಳಿಗ್ಗೆ ಗೀಟಿದ್ದವರಿಗೆಲ್ಲ ಎರಡನೆಯದನ್ನೂ ಒಟ್ಟಿಗೆ ಎಳೆದುಬಿಡುತ್ತಿದ್ದೆ. ಬೆಳಿಗ್ಗೆ ಬಾರದ ಮಗು ಮಧ್ಯಾಹ್ನ ಬಂದಿರಬಹುದೇ ಎಂದು ನೋಡುವ ಯೋಚನೆಯೇ ನನಗೆ ಬಂದಿರಲಿಲ್ಲ.

ಐವತ್ತೊಂಬತ್ತರ ಆಗಸ್ಟ್ ನಾಲ್ಕರಿಂದ ಏಳರವರೆಗೆ, ಮಂಗಳವಾರದಿಂದ ಶುಕ್ರವಾರ, ಬಿಡದೆ ಮಳೆ ಹಿಡಿಯಿತು. ಹಳ್ಳ ಉಕ್ಕಿ ಹರಿಯಿತು. ದಾಟಲು ಹಾಕಿದ್ದ ತೆಂಗಿನ ಮರದ ದಿಮ್ಮಿ ಮಂಗಳವಾರ ಬೆಳಗಾಗುವುದರೊಳಗೇ ಕೊಚ್ಚಿಹೋಯಿತು. ಕೊಪ್ಪಲಿನಿಂದ ಬರುತ್ತಿದ್ದ ಮೂವರು ಮಕ್ಕಳು ಆ ನಾಲ್ಕು ದಿನ ಬರಲಿಲ್ಲ. ಶನಿವಾರ ಶಾಲೆಗೆ ರಜೆಯಿತ್ತು. ಅಂದು ನೀರಿಳಿದ ಮೇಲೆ ಗಂಡಸರು ಬೇರೆ ದಿಮ್ಮಿ ಹಾಕಿದರು. ಸೋಮವಾರ ಮೂವರೂ ಬಂದರು. ಇದಕ್ಕಿಂತ ಹೆಚ್ಚಿನದು ಆ ವಾರದ ಬಗ್ಗೆ ನನಗೆ ನೆನಪಿರಲಿಲ್ಲ.

ನವೆಂಬರಿನಲ್ಲಿ ಹೊನ್ನಿಯ ತಾಯಿ ತಿಮ್ಮಮ್ಮನಿಗೆ ಹೆರಿಗೆಯಾಯಿತು. ಹೊನ್ನಿ ಮೂರು ವಾರ ಮನೆಯಲ್ಲೇ ಉಳಿದಳು. ಕೂಸು ನೋಡಿಕೊಳ್ಳುವುದು, ಬಾಣಂತಿಗೆ ನೀರು ಕಾಯಿಸುವುದು, ದನ. ಫೆಬ್ರವರಿಯಲ್ಲಿ ಪರೀಕ್ಷೆಗೆ ಕಳಿಸುವವರ ಪಟ್ಟಿ ಮಾಡುವಾಗ ಲೆಕ್ಕ ಹಾಕಿದೆ. ಪರೀಕ್ಷೆಗೆ ಕೂರಲು ನೂರ ಅರವತ್ತು ದಿನದ ಹಾಜರಿ ಇರಲೇಬೇಕೆಂದು ಆ ವರ್ಷ ಮೇಲಿನಿಂದ ಕಾಗದ ಬಂದಿತ್ತು. ಹೊನ್ನಿಯದು ಪಟ್ಟಿ ಕಳಿಸುವ ದಿನಕ್ಕೆ ನೂರ ಐವತ್ತೆಂಟು ಆಗುತ್ತಿತ್ತು. ಎರಡು ದಿನ ಕಡಿಮೆ.

ಈಗಿನಿಂದ ನಾನು ಬರೆಯುವುದನ್ನು ಓದಿ ಓದುಗರು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಬಹುದು. ನಾನು ಅಂದುಕೊಂಡದ್ದಕ್ಕಿಂತ ಅದು ಕಠಿಣವಾಗಿರಲಾರದು.

ಊರಿನ ಪಟೇಲರು ಕಾಳೇಗೌಡನನ್ನೂ ಹೊನ್ನಿಯನ್ನೂ ಕರೆದುಕೊಂಡು ಶಾಲೆಗೆ ಬಂದರು. ಪಟೇಲರು ನನ್ನ ಬೆಂಚಿನ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಮಾತೆತ್ತಿದರು. ನನಗಿಂತ ಮುಂಚೆ ಇದ್ದ ಮೇಷ್ಟರು ಊರಿನವರ ಕಷ್ಟ ಸುಖ ಅರಿತವರಾಗಿದ್ದರಂತೆ. ಮಳೆಗಾಲದ ಹಾಜರಿಯನ್ನು ಅವರು ಆಗಲೇ ಸರಿ ಮಾಡಿಬಿಡುತ್ತಿದ್ದರಂತೆ. ಹಳ್ಳ ತುಂಬಿದರೆ ಮಕ್ಕಳದ್ದೇನು ತಪ್ಪು ಎಂದು ಕೊಪ್ಪಲಿನವರಿಗೂ ಗೀಟು ಹಾಕುತ್ತಿದ್ದರಂತೆ. ಆಗಸ್ಟಿನ ಆ ನಾಲ್ಕು ದಿನಕ್ಕೆ, ಪೂರ್ತಿ ಬೇಡ, ಅರ್ಧರ್ಧ ದಿನ ಹಾಕಿದರೂ ಎರಡು ದಿನವಾಗುತ್ತದೆ ಎಂದು ಅವರು ಬೆರಳಿನಲ್ಲಿ ಎಣಿಸಿ ತೋರಿಸಿದರು.

'ನಾಕು ಗೀಟು ಎಳುದ್ರೆ ನಿಮ್ಮ ಗಂಟೇನು ಹೋಯ್ತದೆ ಮೇಷ್ಟ್ರೇ? ಒಂದು ಹೆಣ್ಣಿನ ಬಾಳು' ಎಂದರು.

ನಾನು ಮೈಸೂರಿನ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ, ನನ್ನ ಜೀವಮಾನದಲ್ಲೇ ಮರೆಯಲಾಗದ ಒಂದು ಮಾತು ಹೇಳಿದೆ. 'ನೋಡಿ ಪಟೇಲರೇ, ನಾನು ಕಣ್ಣಾರೆ ನೋಡದೇ ಇರೋದನ್ನ ಬರೆಯೋದಿಲ್ಲ. ಇವತ್ತಿನವರೆಗೂ ಬರೆದಿಲ್ಲ.'

ಅದು ಸುಳ್ಳು ಎಂದು ಆಗ ನನಗೆ ಹೊಳೆಯಲಿಲ್ಲ. ದಿನವೂ ಮಧ್ಯಾಹ್ನ ಇಪ್ಪತ್ತು ಅಡ್ಡಗೀಟುಗಳನ್ನು ಯಾವ ಮುಖವನ್ನೂ ನೋಡದೆ ಎಳೆಯುತ್ತಿದ್ದವನು ನಾನು.

ಕಾಳೇಗೌಡ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದ. ಹೊನ್ನಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಮೇಜಿನ ಮೇಲೆ ತೆರೆದಿದ್ದ ಹಾಜರಿ ಪುಸ್ತಕವನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಅಪ್ಪ 'ನಡಿಯವ್ವಾ' ಎಂದ, ಹೋದರು.

ಪರೀಕ್ಷೆ ಆಯಿತು. ನಮ್ಮ ಶಾಲೆಯಿಂದ ಮೂವರು ಹುಡುಗರು ಹೋಗಿ ಇಬ್ಬರು ಪಾಸಾದರು. ವೈಶಾಖದಲ್ಲಿ ಹೊನ್ನಿಯ ಮದುವೆ. ನನಗೂ ಕರೆಯಿತ್ತು. ನಾನು ಹೋಗಲಿಲ್ಲ, ಆ ದಿನದ ಡೈರಿಯಲ್ಲಿ 'ತಲೆನೋವು' ಎಂದು ಬರೆದಿದೆ. ಜೂನಿನಲ್ಲಿ ಶಾಲೆ ತೆರೆದಾಗ ಅವಳ ಹೆಸರನ್ನು ಪುಸ್ತಕದಿಂದ ತೆಗೆದೆ. ಆಮೇಲೆ ಬೋರ್ಡಿನ ಮೇಲೆ ನಾನು ಮಾಡಿದ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ.

ಜುಲೈಯಲ್ಲಿ ನನಗೆ ವರ್ಗವಾಯಿತು. ಚಾರ್ಜು ಕೊಡುವಾಗ ಹಾಲಿನ ಪುಡಿಯ ಲೆಕ್ಕಕ್ಕೆ ಒಂದು ನಮೂನೆ ತುಂಬಬೇಕಿತ್ತು: ವರ್ಷದ ಮಧ್ಯಾಹ್ನದ ಹಾಜರಿ ಒಟ್ಟು ಎಷ್ಟು, ಹಾಲು ಹಂಚಿದ್ದು ಒಟ್ಟು ಎಷ್ಟು. ಭಾನುವಾರ ಹಗಲು ಶಾಲೆಯಲ್ಲಿ ಕುಳಿತು ಒಂದು ಕಡೆ ಹಾಜರಿ ಪುಸ್ತಕ, ಇನ್ನೊಂದು ಕಡೆ ಡೈರಿ ಇಟ್ಟುಕೊಂಡು ಕೂಡಿದೆ. ಎರಡು ಮೊತ್ತಕ್ಕೂ ನಾಲ್ಕರ ವ್ಯತ್ಯಾಸ ಬಂತು. ಹಾಲು ನಾಲ್ಕು ಸೌಟು ಹೆಚ್ಚು. ಸಾವಿರಗಟ್ಟಲೆ ಸೌಟುಗಳಲ್ಲಿ ನಾಲ್ಕು ಎಂದರೆ ಯಾರೂ ಕೇಳುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ನಾನು ಬಿಡುವವನಲ್ಲವಲ್ಲ, ದಿನ ದಿನಕ್ಕೂ ತಾಳೆ ನೋಡಿದೆ.

ವರ್ಷದ ಎಲ್ಲ ದಿನಗಳೂ ಹೊಂದಿದವು, ನಾಲ್ಕರ ಹೊರತು. ಆಗಸ್ಟ್ ನಾಲ್ಕು: ಹಾಜರಿ ಹದಿನೇಳು, ಹಾಲು ಹದಿನೆಂಟು. ಐದು: ಹದಿನೆಂಟು, ಹತ್ತೊಂಬತ್ತು. ಆರು: ಹದಿನಾರು, ಹದಿನೇಳು. ಏಳು: ಹದಿನೇಳು, ಹದಿನೆಂಟು. ಮಳೆಯ ಆ ನಾಲ್ಕು ದಿನವೂ ಒಂದೊಂದು ಸೌಟು ಹೆಚ್ಚು. ಉಳಿದ ವರ್ಷದಲ್ಲಿ ಒಂದು ದಿನವೂ ಇಲ್ಲ.

ಯಾರೋ ಎರಡು ಸಲ ಹಾಕಿಸಿಕೊಂಡಿರಬೇಕು ಎಂದು ಮೊದಲು ಅನ್ನಿಸಿತು. ಮರದ ಬುಡಕ್ಕೆ ಚೆಲ್ಲುವ ಹಾಲನ್ನು ಎರಡನೆಯ ಸಲ ಬೇಡುವ ಮಗು ಅಲ್ಲಿ ಯಾವುದಿತ್ತು? ಚಳಿಗೆ ಬಿಸಿ ಹಾಲು ಹಿತವಾಗಿತ್ತೇನೋ. ಹಾಗಾದರೆ ಸೆಪ್ಟೆಂಬರಿನ ಮಳೆಯಲ್ಲಿ ಯಾಕಿಲ್ಲ?

ಮರುದಿನ ಶಾಲೆಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳದಂತೆ ಎಚ್ಚರ ವಹಿಸಿದೆ. ಯಾರ ಹೆಸರನ್ನೂ ನಾನಾಗಿ ಎತ್ತಲಿಲ್ಲ. ಹೋದ ವರ್ಷ ದಿಮ್ಮಿ ಕೊಚ್ಚಿಹೋದಾಗ ಹಾಲು ಯಾರಾದರೂ ಎರಡು ಸಲ ಕುಡಿದರೇ ಎಂದಷ್ಟೇ ಕೇಳಿದೆ. ಮೊದಲು ಬಂದವಳು ಈರಿ. ಏಳು ವರ್ಷದ ಹುಡುಗಿ, ಸದಾ ಮೂಗು ಸುರಿಸುತ್ತಿದ್ದವಳು.

'ಯಾರೂ ಕುಡೀನಿಲ್ಲ ಸಾ. ಹೊನ್ನಕ್ಕ ಲೋಟ ತಂದಿರ್ಲಿಲ್ಲ, ನನ್ ಲೋಟ ಇಸ್ಕೊಂಡ್ಲು' ಎಂದಳು.

ಹೊನ್ನಕ್ಕ ಆ ದಿನ ಬಂದಿರಲಿಲ್ಲವಲ್ಲ ಎಂದೆ.

'ಬಂದಿದ್ಲು. ಹಾಲಿನೊತ್ಗೆ ಬತ್ತಿದ್ಲು.'

'ಹಳ್ಳ ತುಂಬಿತ್ತಲ್ಲೇ?'

'ಊಂ. ತುಂಬಿತ್ತು' ಎಂದಳು ಈರಿ. ಎರಡು ಮಾತಿಗೂ ಹೊಂದಿಕೆಯಿಲ್ಲ ಎಂದು ಅವಳಿಗೆ ಅನ್ನಿಸಿದಂತೆ ಕಾಣಲಿಲ್ಲ.

ಒಟ್ಟು ಹದಿನೈದು ಮಕ್ಕಳನ್ನು ಕೇಳಿದೆ. ಆರು ಮಂದಿಗೆ ನೆನಪಿರಲಿಲ್ಲ. ಒಂಬತ್ತು ಮಂದಿ ಹೊನ್ನಿ ಬಂದಿದ್ದಳು ಎಂದರು. ಕಂಬದ ಹತ್ತಿರ ಕೂರುತ್ತಿದ್ದಳು, ಮಾತಾಡುತ್ತಿರಲಿಲ್ಲ, ಶಾಲೆ ಬಿಟ್ಟಾಗ ಯಾವ ಕಡೆ ಹೋದಳೋ ನೋಡಲಿಲ್ಲ. ಆಗಲೇ ನನಗೆ ಯಾಕೆ ಹೇಳಲಿಲ್ಲ ಎಂದು ಒಬ್ಬನನ್ನು ಕೇಳಿದೆ. ನೀವೇ ಹಾಲು ಹಾಕಿದಿರಲ್ಲ, ನಿಮಗೇನು ಹೇಳುವುದು ಎಂದ.

ನಾನು ಇನ್ನೂ ನಂಬಿರಲಿಲ್ಲ. ಮಕ್ಕಳು ಹೊನ್ನಿಯನ್ನು ಇಷ್ಟಪಡುತ್ತಿದ್ದರು. ಅವಳು ಮದುವೆಯಾಗಿ ಹೋದ ಮೇಲೆ ಒಟ್ಟಿಗೆ ಕುಳಿತು ಈ ಕಥೆ ಕಟ್ಟಿರಬಹುದು. ಅಥವಾ ಹುಡುಗಿ ಹೇಗೋ ಹಳ್ಳ ದಾಟಿ ನಿಜವಾಗಿಯೂ ಬಂದಿರಬಹುದು. ಹಾಗೆ ಬಂದಿದ್ದರೆ ನಾಲ್ಕು ಮಧ್ಯಾಹ್ನ ಅವಳದಾಗಿತ್ತು. ನಾಲ್ಕು ಮಧ್ಯಾಹ್ನವೆಂದರೆ ಎರಡು ದಿನ. ನೂರ ಅರವತ್ತು.

ಸಂಜೆ ಹಳ್ಳ ದಾಟಿ ಕೊಪ್ಪಲಿಗೆ ಹೋದೆ. ತಿಮ್ಮಮ್ಮ ಜಗಲಿಯ ಮೇಲೆ ಕೂಸಿಗೆ ಉಣಿಸುತ್ತಿದ್ದಳು. ನನ್ನನ್ನು ಕೂರಿ ಎನ್ನಲಿಲ್ಲ. ಕೇಳಿದ್ದಕ್ಕೆ ನಕ್ಕಳು. ಹಳ್ಳ ದಾಟಲು ತನ್ನ ಮಗಳೇನು ಹಕ್ಕಿಯೇ ಎಂದಳು. ತನಗೆ ಆಗ ಆರು ತಿಂಗಳು, ಕಾಲು ಊದಿಕೊಂಡಿತ್ತು. ಮಗಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅತ್ತೆಯೂ ನಾದಿನಿಯೂ ಮನೆಯಲ್ಲೇ ಇದ್ದರು, ಬೇಕಾದರೆ ಕೇಳಿಕೊಳ್ಳಿ ಎಂದಳು. ಕೇಳಿದೆ, ಅವರೂ ಅದನ್ನೇ ಹೇಳಿದರು. ಇನ್ನೇನು ಹೊರಡಬೇಕು, ತಿಮ್ಮಮ್ಮ ತಾನಾಗಿ ಒಂದು ಮಾತು ಸೇರಿಸಿದಳು. ಕೂಸಿನ ಬಾಯಿ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದಳು.

'ಆ ಮಳೇಲಿ ಮಾತ್ರ ಮದ್ಯಾನ ಆಗ್ತಿದ್ದಂಗೆ ಒಲೆ ಮುಂದೆ ಕುಂತ್ಕೊಂಡು ಸುಮ್ಕಾಗ್ಬುಡೋಳು. ಕಣ್ಣು ಬಿಟ್ಕೊಂಡೇ ಇರೋಳು, ಕೂಗುದ್ರೆ ಓಗೊಡ್ತಿರ್ನಿಲ್ಲ. ದನ ಬರೋ ಹೊತ್ಗೆ ಸರಿಯಾಗೋಳು. ಗಾಳಿಗೀಳಿ ಸೋಕೈತೆ ಅಂತ ನಮ್ಮತ್ತೆ ಬೂದಿ ಹಚ್ಚುದ್ರು.' ಆಮೇಲೆ ತಲೆಯೆತ್ತಿ, 'ಈಗ ಕೇಳಕ್ಕೆ ಬಂದಿದ್ದೀರಲ್ಲ ಮೇಷ್ಟ್ರೇ. ಕೇಳೋ ದಿವ್ಸ ಪುಸ್ತಕ ನೋಡ್ತಾ ಕುಂತಿದ್ರಂತೆ' ಎಂದಳು.

ಅಲ್ಲಿಗೇ ಬಿಡಬಹುದಿತ್ತು. ಬಿಟ್ಟಿದ್ದರೆ ಇದನ್ನೊಂದು ಕುತೂಹಲದ ಸಂಗತಿಯೆಂದು ಇಟ್ಟುಕೊಳ್ಳಬಹುದಿತ್ತು. ಚಾರ್ಜು ಕೊಟ್ಟ ಮರುದಿನ, ಹೊಸ ಊರಿಗೆ ಹೋಗುವ ಬದಲು, ಟ್ರಂಕನ್ನು ಹಗರೆಯ ಹೋಟೆಲಿನಲ್ಲಿ ಇಟ್ಟು ಅರಸೀಕೆರೆಗೆ ಹೋದೆ. ಅಲ್ಲಿಂದ ಗಂಡಸಿಯ ಬಸ್ಸು ಹಿಡಿದೆ. ಅವಳನ್ನು ಕೊಟ್ಟಿದ್ದ ಊರು ಗಂಡಸಿಯಿಂದ ಒಂದು ಮೈಲಿ. ತೆಂಗಿನ ತೋಟದ ನಡುವೆ ಮನೆ, ಮುಂದೆ ದನದ ಕೊಟ್ಟಿಗೆ. ಹಗಲು ಹನ್ನೊಂದು ಗಂಟೆಯಿರಬೇಕು. ಹೊನ್ನಿ ಕೊಟ್ಟಿಗೆಯ ಮುಂದೆ ಬೆರಣಿ ತಟ್ಟುತ್ತಿದ್ದಳು. ಸೀರೆ ಉಟ್ಟಿದ್ದಳು, ಅದು ಅವಳಿಗೆ ದೊಡ್ಡದಾಗಿತ್ತು. ನನ್ನನ್ನು ನೋಡಿ ಎದ್ದು, ಸಗಣಿಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳು ಹಾಗೆ ನಿಲ್ಲುತ್ತಿದ್ದರು.

ಏನು ಕೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದೆ. ಕೇಳಿದ್ದು ಮಾತ್ರ ಹೇಗಿದ್ದೀಯಮ್ಮಾ ಎಂದು. ತಲೆಯಾಡಿಸಿದಳು. ಆಮೇಲೆ ಅವಳೇ ಕೇಳಿದಳು.

'ನಿಮ್ ತಂಗಿ ಹಾರ್ಮೋನಿ ಕಲ್ತ್ರಾ ಸಾ?'

ನನಗೆ ಒಬ್ಬಳು ತಂಗಿಯಿದ್ದಾಳೆ. ಅವಳಿಗೆ ಹಾರ್ಮೋನಿಯಂ ಕಲಿಯುವ ಆಸೆ, ಅಪ್ಪ ಬೇಡವೆಂದಿದ್ದರು. ಆ ಶಾಲೆಯಲ್ಲಿ ನಾನು ಮನೆಯ ವಿಷಯ ಎತ್ತುತ್ತಿರಲಿಲ್ಲ. ಒಂದೇ ಒಂದು ದಿನ ಎತ್ತಿದ್ದೆ. ಯಾವ ದಿನವೆಂದು ಆಗ ನೆನಪಾಗಲಿಲ್ಲ. ಆಮೇಲೆ ಡೈರಿ ತೆಗೆದು ನೋಡಿದೆ. ಆಗಸ್ಟ್ ಆರು, ಗುರುವಾರ. 'ಸೂರು ಸೋರಿಕೆ. ಮಧ್ಯಾಹ್ನ ಪಾಠವಿಲ್ಲ. ಮಕ್ಕಳಿಗೆ ತಂಗಿಯ ಹಾರ್ಮೋನಿಯಂ ಕಥೆ.' ಅಲ್ಲಿದ್ದ ಮಕ್ಕಳಲ್ಲಿ ಯಾರಾದರೂ ಆಮೇಲೆ ಹೊನ್ನಿಗೆ ಅದನ್ನು ಹೇಳಿರಬಹುದು. ಮಕ್ಕಳು ಹೇಳುತ್ತಾರೆ. ಈ ಸಾಧ್ಯತೆಯನ್ನು ನಾನು ಬಿಟ್ಟುಕೊಟ್ಟಿಲ್ಲ.

ಕೊನೆಗೆ ಕೇಳಿದೆ: ಹಳ್ಳ ತುಂಬಿದಾಗ ನೀನು ಶಾಲೆಗೆ ಬಂದಿದ್ದೆಯಾ?

'ಬಂದಿದ್ದೆ.'

'ಹ್ಯಾಗಮ್ಮಾ?'

ತಿಳಿಯದ ಪ್ರಶ್ನೆಗೆ ಏನಾದರೊಂದು ಉತ್ತರ ಹೇಳಿಬಿಡುವ ಮಗು ಅವಳಲ್ಲ. 'ಗೊತ್ತಿಲ್ಲ ಸಾ. ಒಲೆ ತಾವ ಕುಂತಿದ್ದೆ. ಆಮೇಲೆ ಅಲ್ಲಿದ್ದೆ. ಈರಿ ಲೋಟಕ್ಕೆ ನೀವೇ ಹಾಲು ಹಾಕಿದ್ರಿ. ಮಖ ನೋಡ್ನಿಲ್ಲ.'

ಪಟೇಲರ ಜೊತೆ ಬಂದ ದಿನ ಅದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅವಳು ಬಾಯಿ ತೆರೆದದ್ದನ್ನು ನಾನು ನೋಡಿದ್ದೆ. ಹೇಳಿದ್ದರೂ ನಾನು ಏನು ಮಾಡುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

'ಈಗ ಹಾಕುದ್ರೆ ಆಯ್ತದಾ ಸಾ?' ಎಂದು ಅವಳೇ ಕೇಳಿದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

ಪುಸ್ತಕ ಈಗ ನನ್ನ ಹತ್ತಿರ ಇಲ್ಲ, ಚಾರ್ಜು ಕೊಟ್ಟಾಯಿತು ಎಂದೆ. ಅದೂ ಒಂದು ಉತ್ತರವೆಂಬಂತೆ ಹೇಳಿದೆ. ಅವಳು 'ಊಂ' ಎಂದಳು. ಅಷ್ಟರಲ್ಲಿ ಮನೆಯೊಳಗಿನಿಂದ ಅತ್ತೆಯ ದನಿ ಬಂತು. ಹೊರಗೆ ಯಾರ ಜೊತೆ ಮಾತು, ಯಾರು ಬಂದಿದ್ದಾರೆ ಎಂದು ಕೇಳಿದರು. ಹೊನ್ನಿ ಕುಳಿತು ಮತ್ತೆ ಸಗಣಿಗೆ ಕೈ ಹಾಕಿದಳು.

'ಯಾರೂ ಇಲ್ಲ ಕಣತ್ತೆ' ಎಂದಳು.

ನಾನು ಅವಳಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ. ಅವಳು ಮತ್ತೆ ತಲೆಯೆತ್ತಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿದೆ.

ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ತಿಳಿದವರನ್ನು ಕೇಳಿದ್ದೇನೆ. ಒಬ್ಬ ಡಾಕ್ಟರು, ಹುಡುಗಿ ಒಲೆಯ ಮುಂದೆ ಸುಮ್ಮನಾಗುತ್ತಿದ್ದುದು ಒಂದು ಬಗೆಯ ಮೂರ್ಛೆ ಎಂದರು. ಸರಿ, ಹಾಲು? ಒಬ್ಬ ಹಿರಿಯ ಮೇಷ್ಟರು, ನೀನು ಗುರುತು ಹಾಕುವಾಗ ತಪ್ಪಿದ್ದೀಯೆ ಎಂದರು. ನಾಲ್ಕೂ ದಿನವೇ, ಆ ನಾಲ್ಕು ದಿನವೇ? ನನ್ನ ತಾಯಿ ಪೂರ್ತಿ ಕೇಳಿಸಿಕೊಂಡು, ಆ ಮಗುವಿಗೆ ಶಾಲೆಯೆಂದರೆ ಅಷ್ಟು ಆಸೆಯಿತ್ತಲ್ಲೋ ಎಂದು ಕಣ್ಣೊರೆಸಿಕೊಂಡರು. ಅದು ವಿವರಣೆಯಲ್ಲ.

ಆ ಮಗು ಬಂದಿತ್ತು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಬಂದಿರಲಿಲ್ಲ ಎಂದು ಬರೆದದ್ದು ಸರ್ಕಾರದ ಪುಸ್ತಕದಲ್ಲಿ ನನ್ನ ಸಹಿಯೊಂದಿಗೆ ಹಾಗೇ ಇದೆ. ಗಂಡಸಿಗೆ ಹೋಗಿ ಬಂದ ದಿನದ ನನ್ನ ಡೈರಿಯನ್ನು ತೆಗೆದು ನೋಡಿದರೆ ಅರಸೀಕೆರೆಯ ಬಸ್ಸು ಹೊರಟ ಹೊತ್ತು, ಬಂದು ಸೇರಿದ ಹೊತ್ತು ಇವೆರಡೇ ಕಾಣುತ್ತವೆ. ಉಳಿದ ಪುಟ ಖಾಲಿ. ನಾನು ಡೈರಿ ಇಡಲು ತೊಡಗಿದ ಮೇಲೆ ಹಾಗೆ ಬಿಟ್ಟ ಪುಟ ಅದೊಂದೇ.